ನೆಲುವಿನ ಗಿಡಕ್ಕೆ ಎಷ್ಟು ನೀರು?

ಹಿಂದಿನವರ ಅಡುಗೆಮನೆಯಲ್ಲಿ ನೆಲುವು ಇರುತ್ತಿತ್ತು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಬೆಕ್ಕಿಗೂ ಇರುವೆಗೂ ಮಕ್ಕಳಿಗೂ ಎಟುಕಬಾರದೆಂದು ಜಂತಿಗೆ ತೂಗುಹಾಕುವ ಹಗ್ಗದ ಸಾಧನ ಅದು. ಅಲಂಪುರ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ಕನ್ನಡದ ಮನೆಗಳಲ್ಲಿ ಒಳಗೆ ನೆಲುವು ಎಂದವರೇ ಹೊಸ್ತಿಲು ದಾಟಿದ ಕೂಡಲೇ ತೆಲುಗಿನಲ್ಲಿ ಉಟ್ಟಿ ಎನ್ನುತ್ತಾರೆ. ಫ್ರಿಜ್ ಬಂದ ಮೇಲೆ ನೆಲುವು ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂತು. ಬೆಣ್ಣೆಯ ಗಡಿಗೆ ಇದ್ದ ಜಾಗದಲ್ಲಿ ಈಗ ಗಿಡ ತೂಗುತ್ತಿದೆ.

ಈ ತೂಗುಕುಂಡಗಳ ಬಗ್ಗೆ ಬರೆಯಲು ಕಾರಣ, ತಾಯಂದಿರ ಬಾಯಿಂದ ನಾವು ಮತ್ತೆ ಮತ್ತೆ ಕೇಳುವ ಒಂದು ಮಾತು: "ಸ್ವಾಮಿ, ನನ್ನ ಕೈಗುಣವೇ ಸರಿಯಿಲ್ಲ. ನಾನು ನೀರು ಹಾಕಿದ ಗಿಡ ಉಳಿಯುವುದಿಲ್ಲ." ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ರಜೆಗೆ ಬರುವಾಗ ಬೆಗೋನಿಯದ ತೂಗುಕುಂಡವೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದಿರುತ್ತಾರೆ. ಕೆಂಪು, ಕಿತ್ತಳೆ, ಹಳದಿ ಹೂಗಳು ಕುಂಡದ ಅಂಚಿನಿಂದ ಜುಮುಕಿಯಂತೆ ಇಳಿಬಿದ್ದ ಗಿಡ. ಮಕ್ಕಳು ಹಿಂದಿರುಗಿದ ಮೇಲೆ ಮನೆಯಲ್ಲಿ ಉಳಿಯುವುದು ಅದೊಂದೇ. ಅದಕ್ಕೆ ತಪ್ಪದೆ ನೀರು ಹಾಕುತ್ತಾರೆ, ಅದರ ಮುಂದೆ ನಿಂತು ಮಾತಾಡುತ್ತಾರೆ. ದೀಪಾವಳಿ ಕಳೆಯುವಷ್ಟರಲ್ಲಿ ಅದು ಕೊಳೆತು ಕೂತಿರುತ್ತದೆ. ತಾಯಿಗೆ ಗಿಡ ಹೋದದ್ದಕ್ಕಿಂತ ಫೋನಿನಲ್ಲಿ ಮಗಳಿಗೆ ಏನು ಹೇಳುವುದೆಂಬ ಸಂಕಟವೇ ಹೆಚ್ಚು.

ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಗಿಡದ ಸ್ವಭಾವ, ಕುಂಡದ ಸ್ವಭಾವ, ನಮ್ಮ ಸೀಮೆಯ ಋತು, ಈ ಮೂರನ್ನೂ ನೋಡದೆ ಗಡಿಯಾರ ನೋಡಿ ನೀರು ಹಾಕಿದರೆ ಎಂಥ ಒಳ್ಳೆಯ ಕೈಯಿಂದಲೂ ಗಿಡ ಸಾಯುತ್ತದೆ.

ಮೊದಲು ಗಿಡದ ಊರು ಯಾವುದೆಂದು ತಿಳಿಯೋಣ. ಬೆಗೋನಿಯ ಎಂಬ ಹೆಸರನ್ನು ಕೊಟ್ಟವರು ಒಬ್ಬ ಸನ್ಯಾಸಿ. ಫ್ರಾನ್ಸಿನ ಮಾರ್ಸೇಯಲ್ಲಿ 1646ರಲ್ಲಿ ಹುಟ್ಟಿದ ಷಾರ್ಲ್ ಪ್ಲೂಮಿಯೆ, ಪಾವೊಲದ ಸಂತ ಫ್ರಾನ್ಸಿಸರು ಸ್ಥಾಪಿಸಿದ ಮಿನಿಮ್ ಸಭೆಗೆ ಸೇರಿದವರು. ಗಿಡಮೂಲಿಕೆಗಳ ಅಧ್ಯಯನಕ್ಕೆಂದು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಮೂರು ಬಾರಿ ಹೋಗಿ ಬಂದರು. ಆ ಯಾತ್ರೆಗೆ ತಮ್ಮನ್ನು ಶಿಫಾರಸು ಮಾಡಿದ ಅಧಿಕಾರಿ ಮಿಷೆಲ್ ಬೆಗೋನ್ ಎಂಬುವರ ಹೆಸರನ್ನು ಈ ಗಿಡಕ್ಕೆ ಇಟ್ಟರು. ನಮ್ಮ ಗುಡಿಗಳ ಅಂಗಳದಲ್ಲಿ ಬೆಳೆಯುವ ದೇವಕಣಗಿಲೆಗೆ ಸಸ್ಯಶಾಸ್ತ್ರದಲ್ಲಿ ಪ್ಲುಮೇರಿಯ ಎಂದು ಹೆಸರು. ಅದು ಇದೇ ಪ್ಲೂಮಿಯೆಯವರ ನೆನಪಿಗೆ. 1704ರಲ್ಲಿ ಪೆರುವಿಗೆ ಹೊರಡಲು ಸ್ಪೇನಿನ ಬಂದರಿಗೆ ಬಂದವರು ಹಡಗು ಹತ್ತುವ ಮೊದಲೇ ತೀರಿಕೊಂಡರು. ಹೋಗಿದ್ದರೆ ಗೆಡ್ಡೆಯ ಬೆಗೋನಿಯವನ್ನು ಅದರ ತವರಿನಲ್ಲೇ ಕಾಣುತ್ತಿದ್ದರೋ ಏನೋ. ಏಕೆಂದರೆ ಇಂದು ತೂಗುಕುಂಡಗಳಲ್ಲಿ ಇಳಿಬೀಳುವ ಬೆಗೋನಿಯಗಳ ಪೂರ್ವಜರು ಪೆರು, ಬೊಲಿವಿಯ ದೇಶಗಳ ಆಂಡೀಸ್ ಪರ್ವತದ ಇಳಿಜಾರಿನವರು. ಅವು ಇಂಗ್ಲೆಂಡಿನ ತೋಟಗಳಿಗೆ ಬಂದದ್ದು 1860ರ ದಶಕದಲ್ಲಿ. ಅಲ್ಲಿಂದ ಮುಂದೆ ತಳಿಗಳನ್ನು ಬೆರೆಸುತ್ತಾ ಬೆರೆಸುತ್ತಾ ಇಂದಿನ ದೊಡ್ಡ ಹೂಗಳಾದವು.

ಪರ್ವತದ ಮಗಳನ್ನು ತಂದು ಬಿಸಿಲಸೀಮೆಗೆ ಕೊಟ್ಟಂತಾಯಿತು. ಹಗಲು 25 ಡಿಗ್ರಿಯ ಆಸುಪಾಸು, ರಾತ್ರಿ ಅದಕ್ಕಿಂತ ತಂಪು, ಗಾಳಿಯಲ್ಲಿ ತೇವ, ನೇರ ಬಿಸಿಲಿಲ್ಲದ ಬೆಳಕು: ಇವು ಅದಕ್ಕೆ ಬೇಕು. ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವ ರಾಯಚೂರು–ಗದ್ವಾಲ ಸೀಮೆ ಇದರಲ್ಲಿ ಯಾವುದನ್ನೂ ಕೊಡಲಾರದು. ಗಿಡ ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ವ್ಯಾಪಾರ ಹೇಗಾಗಬೇಕು!

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹಗಲು 12 ಗಂಟೆಗಿಂತ ಉದ್ದವಿದ್ದಾಗ ಈ ಬೆಗೋನಿಯ ಹೂ ಬಿಡುತ್ತದೆ. ಹಗಲು ಅದಕ್ಕಿಂತ ಕಿರಿದಾದರೆ ಹೂವಿನ ಕೆಲಸ ನಿಲ್ಲಿಸಿ, ತನ್ನಲ್ಲಿರುವ ಸಾರವನ್ನೆಲ್ಲ ಮಣ್ಣಿನೊಳಗಿನ ಗೆಡ್ಡೆಗೆ ಇಳಿಸಿ, ಮಲಗಲು ಅಣಿಯಾಗುತ್ತದೆ. ಅಲಂಪುರದಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು ಸುಮಾರು 11 ಗಂಟೆ. ಎಂದರೆ ತಂಪು ಇರುವ ಕಾಲದಲ್ಲಿ ಗಿಡಕ್ಕೆ ನಿದ್ದೆ. ಎಚ್ಚರವಿರುವ ಕಾಲದಲ್ಲಿ ಬಿಸಿಲು. ನಡುವೆ ಮಿರಗದ ಮಳೆಯಿಂದ ಸೆಪ್ಟೆಂಬರಿನ ಕೊನೆಯವರೆಗೆ ಒಂದು ಕಿಟಕಿ ತೆರೆಯುತ್ತದೆ, ಅಷ್ಟೇ. ಮೋಡದ ನೆರಳು, ಗಾಳಿಯಲ್ಲಿ ಹಸಿ, ಉದ್ದ ಹಗಲು ಒಟ್ಟಿಗೆ ಸಿಗುವ ಆ ಮೂರೂವರೆ ತಿಂಗಳು ಪೂರ್ವ ಅಥವಾ ಉತ್ತರದ ಪಡಸಾಲೆಯಲ್ಲಿ ತೂಗುಹಾಕಿದರೆ ಗಿಡ ನಾಲ್ಕು ಹೂ ತೋರಿಸೀತು.

ಆಮೇಲೆ ಏನಾಗುತ್ತದೆ? ಅಕ್ಟೋಬರಿನಲ್ಲಿ ಎಲೆ ಹಳದಿಯಾಗುತ್ತದೆ. ಮೊಗ್ಗು ಬರುವುದಿಲ್ಲ. ಕಾಂಡ ಒಂದೊಂದೇ ಗಿಣ್ಣಿನಲ್ಲಿ ಕಳಚಿ ಬೀಳುತ್ತದೆ. ನಿದ್ದೆಗೆ ಹೊರಟ ಗಿಡದ ಲಕ್ಷಣ ಇದು. ನೋಡುವವರಿಗೆ ಮಾತ್ರ ಬಾಯಾರಿದಂತೆ ಕಾಣುತ್ತದೆ. "ಅಯ್ಯೋ ಪಾಪ" ಎಂದು ಒಂದು ತಂಬಿಗೆಯ ಕಡೆ ಎರಡು ತಂಬಿಗೆ ಸುರಿಯುತ್ತಾರೆ. ಕುಡಿಯಲು ಎಲೆಯಿಲ್ಲ, ಎಲೆಯಿಲ್ಲದೆ ಬೇರು ನೀರೆಳೆಯುವುದಿಲ್ಲ. ನೀರು ಮಣ್ಣಿನಲ್ಲೇ ನಿಂತು ಗೆಡ್ಡೆ ಕೊಳೆಯುತ್ತದೆ. ಈ ಸೀಮೆಯಲ್ಲಿ ಬೆಗೋನಿಯ ಹೋಗುವುದು ಹೆಚ್ಚಾಗಿ ಹೀಗೆಯೇ, ನೀರಿಲ್ಲದೆ ಅಲ್ಲ.

ಇದು ವಿದೇಶದ ಗಿಡದ ಬೆಡಗು ಎಂದು ಭಾವಿಸಬೇಡಿ. ನಮ್ಮ ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಸಣ್ಣ ಗುಲಾಬಿ ಹೂ ಬಿಡುವ ಕಾಡು ಬೆಗೋನಿಯವೊಂದಿದೆ. ಅದಕ್ಕೂ ಪುಟ್ಟ ಗೆಡ್ಡೆ. ಮಳೆ ಹೋದ ಮೇಲೆ ಅದೂ ಮೇಲಿನದನ್ನೆಲ್ಲ ಕಳೆದುಕೊಂಡು ಒಣ ಬಂಡೆಯ ಬಿರುಕಿನಲ್ಲಿ ಮುಂದಿನ ಮಳೆಯವರೆಗೆ ಮಲಗಿರುತ್ತದೆ. ಅಲ್ಲಿ ಯಾರೂ ಅದಕ್ಕೆ ಕರುಣೆಯಿಂದ ನೀರು ಹಾಕುವುದಿಲ್ಲವಾದ್ದರಿಂದ ಬದುಕಿ ಉಳಿಯುತ್ತದೆ!

ಆದ್ದರಿಂದ ಎಲೆ ಹಳದಿಯಾಗತೊಡಗಿದಾಗ ನೀರನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡಿ. ಪೂರ್ತಿ ಉದುರಿದ ಮೇಲೆ ನಿಲ್ಲಿಸಿ. ಕಾಂಡವನ್ನು ಕೈಯಿಂದ ಎಳೆದು ಕೀಳಬೇಡಿ, ತಾನಾಗಿ ಕಳಚಲಿ. ಆಮೇಲೆ ಗೆಡ್ಡೆಯನ್ನು ತೆಗೆದು, ಮಣ್ಣು ಕೊಡವಿ, ನೆರಳಿನಲ್ಲಿ ಕೆಲವು ದಿನ ಆರಿಸಿ, ಒಣ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಹುದುಗಿಸಿ ಮನೆಯ ಅತಿ ತಂಪಾದ ಕೋಣೆಯಲ್ಲಿಡಿ. ಹೊರಗೆ ಕಾಯುವ ತಗಡಿನ ಕೆಳಗೆ ಬೇಡ. ತಿಂಗಳಿಗೊಮ್ಮೆ ಮುಟ್ಟಿ ನೋಡಿ. ಮೆತ್ತಗಾದದ್ದನ್ನು ಎಸೆಯಿರಿ, ಇಲ್ಲವಾದರೆ ಪಕ್ಕದ್ದೂ ಹಾಳು. ಗುಲಾಬಿ ಬಣ್ಣದ ಮೊಳಕೆಕಣ್ಣು ಕಂಡಾಗ, ಗೆಡ್ಡೆಯ ಹೊಂಡದಂತಿರುವ ಮೈ ಮೇಲಾಗುವ ಹಾಗೆ ಮಣ್ಣಿನ ಮೇಲ್ಪದರದಲ್ಲೇ ನೆಡಿ. ಆ ಹೊಂಡದೊಳಕ್ಕೆ ನೀರು ನಿಲ್ಲಬಾರದು. ಸುತ್ತ ಹನಿಸಿದರೆ ಸಾಕು. ಬೇಸಿಗೆ ದಾಟುವಷ್ಟರಲ್ಲಿ ಎಲ್ಲ ಗೆಡ್ಡೆಗಳೂ ಉಳಿಯುತ್ತವೆಂದು ನಾವು ಭರವಸೆ ಕೊಡಲಾರೆವು. ಒಂದೆರಡು ಉಳಿದರೂ ಮಗಳಿಗೆ ಫೋನಿನಲ್ಲಿ ಹೇಳಲು ಒಂದು ಸಿಹಿಸುದ್ದಿ ಸಿಕ್ಕಿತಲ್ಲ!

ಇನ್ನು ಕುಂಡದ ವಿಷಯ. ನೆಲದಲ್ಲಿ ನೆಟ್ಟ ಗಿಡದ ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ, ದೂರಕ್ಕೆ ಹೋಗಬಲ್ಲದು. ತೂಗುಕುಂಡದ ಗಿಡಕ್ಕೆ ಐದಾರು ಲೀಟರಿನಷ್ಟು ಮಣ್ಣೇ ಇಡೀ ಜಗತ್ತು. ಮೇಲಿನಿಂದ ಬಿಸಿಲಿನ ಕಾವು, ಕೆಳಗಿನಿಂದಲೂ ಬದಿಯಿಂದಲೂ ಗಾಳಿ. ಅಂಗಳದ ಕುಂಡ ಎರಡು ದಿನಕ್ಕೆ ಒಣಗಿದರೆ ಇದು ಒಂದೇ ದಿನಕ್ಕೆ ಒಣಗುತ್ತದೆ. ಅಷ್ಟೇ ಅಲ್ಲ, ಕಣ್ಣಿಗಿಂತ ಎತ್ತರದಲ್ಲಿರುವುದರಿಂದ ಮಣ್ಣು ಕಾಣುವುದಿಲ್ಲ. ಕಾಣದಿರುವುದರಿಂದ ಅಂದಾಜಿನ ಮೇಲೆ ನೀರು ಬೀಳುತ್ತದೆ.

ಅಂದಾಜು ಬೇಡ. ಬೆರಳಿದೆ. ಎರಡನೆಯ ಗಿಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ. ತುದಿಗೆ ತಂಪು ತಾಗಿ ಮಣ್ಣು ಅಂಟಿಕೊಂಡರೆ ಇವತ್ತು ನೀರು ಬೇಡ. ಒಣಪುಡಿ ಬಂದರೆ ಹಾಕಿ. ಎತ್ತರದ ಕುಂಡಕ್ಕೆ ಬೆರಳು ಹೋಗದಿದ್ದರೆ ಅಂಗೈಯನ್ನು ಅಡಿಗೆ ಕೊಟ್ಟು ತುಸು ಎತ್ತಿ ನೋಡಿ. ನೀರು ಕುಡಿದ ಕುಂಡದ ಭಾರ ಬೇರೆ, ಬಾಯಾರಿದ ಕುಂಡದ ಭಾರ ಬೇರೆ. ಸಂತೆಯಲ್ಲಿ ಕುಂಬಳಕಾಯಿಯನ್ನು ಕೈಯಲ್ಲೇ ತೂಗಿ ಇಷ್ಟು ಕಿಲೋ ಎನ್ನುವ ನಮ್ಮ ಹೆಣ್ಣುಮಕ್ಕಳಿಗೆ ಇದು ಒಂದು ವಾರದ ಅಭ್ಯಾಸ.

ಎಲೆ ಬಾಡಿದ್ದನ್ನು ಮಾತ್ರ ನಂಬಬೇಡಿ. ನೀರು ಕಡಿಮೆಯಾದರೂ ಎಲೆ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಬಾಡುತ್ತದೆ. ಬಾಡಿದ ಗಿಡದ ಮಣ್ಣು ಹಸಿಯಿದ್ದರೆ ನೀರಿನ ತಂಬಿಗೆಯನ್ನು ಒಳಗಿಡಿ.

ಹಾಕುವಾಗ ಹೇಗೆ ಹಾಕಬೇಕು? ದಿನಾ ಅರ್ಧ ಲೋಟ ಚಿಮುಕಿಸುವ ಪದ್ಧತಿ ಅನೇಕರಲ್ಲಿದೆ. ಅದರಿಂದ ಮೇಲಿನ ಒಂದು ಅಂಗುಲ ಹಸಿಯಾಗಿ ಅಡಿಯ ಬೇರು ಒಣಗಿಯೇ ಇರುತ್ತದೆ. ಹಾಕಿದ ದಿನ ಹೊಟ್ಟೆತುಂಬ ಹಾಕಿ, ಅಡಿಯ ತೂತಿನಿಂದ ಹನಿ ಇಳಿಯುವವರೆಗೆ. ಆದರೆ ಒಂದೇ ಸಲ ಸುರಿಯಬೇಡಿ. ಅರ್ಧ ಹಾಕಿ, ಅದು ಇಳಿಯಲು ಬಿಟ್ಟು, ಮತ್ತರ್ಧ ಹಾಕಿ. ಪೂರ್ತಿ ಒಣಗಿದ ಮಣ್ಣು, ಅದರಲ್ಲೂ ತೆಂಗಿನ ನಾರಿನ ಪುಡಿ ಬೆರೆತದ್ದು, ಕುಗ್ಗಿ ಕುಂಡದ ಅಂಚಿನಿಂದ ಬಿಡಿಸಿಕೊಂಡಿರುತ್ತದೆ. ಮೇಲಿನಿಂದ ಹಾಕಿದ ನೀರು ಆ ಸಂದಿಯಲ್ಲೇ ಜಾರಿ ಕೆಳಗೆ ಸುರಿದುಹೋಗುತ್ತದೆ, ನಾವು 'ಕುಡಿಯಿತು' ಎಂದುಕೊಳ್ಳುತ್ತೇವೆ. ಅಂಥ ಕುಂಡವನ್ನು ಇಳಿಸಿ, ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಸೋರಿಸಿ ಮತ್ತೆ ತೂಗುಹಾಕುವುದೊಂದೇ ದಾರಿ.

ಬೆಳಿಗ್ಗೆ ಹಾಕುವುದು ಒಳ್ಳೆಯದು. ಎಲೆಗೆ, ಹೂವಿಗೆ ಹಾಕದೆ ಮಣ್ಣಿಗೆ ಹಾಕಿ. ಬೆಗೋನಿಯದ ಎಲೆ ರಾತ್ರಿಯೆಲ್ಲ ಒದ್ದೆಯಾಗಿದ್ದರೆ ಬೂಷ್ಟು ಹಿಡಿಯುತ್ತದೆ, ಬಿಳಿ ಬೂದಿಯಂಥ ರೋಗ ಬಂದ ಎಲೆಗಳನ್ನಂತೂ ಕಿತ್ತು ದೂರ ಎಸೆಯಬೇಕು. ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರನ್ನು ಗಿಡಕ್ಕೆ ಬಿಡಬೇಡಿ. ಏಪ್ರಿಲ್ ತಿಂಗಳಿನಲ್ಲಿ ಆ ನೀರಿಗೆ ಕೈ ಒಡ್ಡಿದವರಿಗೆ ಕಾರಣ ಹೇಳಬೇಕಿಲ್ಲ.

ಮಣ್ಣಿನ ಮಾತು ಬಂದಾಗ ನಮ್ಮ ಸೀಮೆಯವರಿಗೆ ಒಂದು ಎಚ್ಚರ ಹೇಳಲೇಬೇಕು. ಹೊಲದ ಎರೆಮಣ್ಣು ಹತ್ತಿಗೆ ಬಂಗಾರ, ಕುಂಡಕ್ಕೆ ಶತ್ರು. ಹಸಿಯಾದಾಗ ಉಬ್ಬಿ ನೀರನ್ನು ಬಿಗಿಹಿಡಿಯುತ್ತದೆ, ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಒಣಗಿದಾಗ ಬಿರಿದು ಎಳೆಬೇರನ್ನು ಹರಿಯುತ್ತದೆ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ಒಂದಿಷ್ಟು ಮರಳು ಬೆರೆಸಿ ತುಂಬಿ. ಮಣ್ಣಿನ ಕುಂಡದ ಮೈ ಬೆವರುತ್ತದೆ. ಕುಡಿಯುವ ನೀರಿನ ಮಡಕೆಯಂತೆ ಬೇರನ್ನು ತಂಪಾಗಿಡುತ್ತದೆ, ಆದರೆ ಹೆಚ್ಚು ನೀರು ಕೇಳುತ್ತದೆ. ಪ್ಲಾಸ್ಟಿಕ್ ಕುಂಡ ಕಡಿಮೆ ಕೇಳುತ್ತದೆ. ನಾರಿನ ಹಾಸಿನ ತಂತಿಬುಟ್ಟಿ ನೋಡಲು ಚೆಂದ, ನಮ್ಮ ಒಣಗಾಳಿಗೆ ಮಾತ್ರ ಮಧ್ಯಾಹ್ನದೊಳಗೆ ಬರಿದಾಗುತ್ತದೆ. ಅದೇ ಬೇಕೆಂದರೆ ಒಳಗೆ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿ.

ಈಗ ಕಷ್ಟದ ಪ್ರಶ್ನೆ. "ಕುಡಿಯಲಿಕ್ಕೇ ನೀರಿಲ್ಲ, ನೆಲುವಿನ ಗಿಡಕ್ಕೆ ಎಲ್ಲಿಂದ ತರಲಿ?" ಬೇಸಿಗೆಯಲ್ಲಿ ಅನೇಕ ಮನೆಗಳಲ್ಲಿ ಈ ಮಾತು ಜಗಳದವರೆಗೂ ಹೋಗುತ್ತದೆ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಊರಲ್ಲವೇ? ಹೌದು. 2009ರ ಅಕ್ಟೋಬರಿನಲ್ಲಿ ಅಲಂಪುರದ ಮನೆಗಳಿಗೇ ನೀರು ನುಗ್ಗಿತ್ತು. ಆದರೆ ನದಿ ಪಕ್ಕದಲ್ಲಿದ್ದರೆ ನಲ್ಲಿಯಲ್ಲಿ ನೀರಿರುತ್ತದೆ ಎಂದೇನಿಲ್ಲ. ಅಲಂಪುರ, ಗದ್ವಾಲ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಯಚೂರು ಕಡೆಯ ರಾಜೋಳಿಬಂಡೆಯಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆ ಈ ಕಡೆ ಬರುತ್ತದೆ. ತಲೆಯಲ್ಲಿ ತುಂಬಿ ಹರಿದ ಕಾಲುವೆ ಬಾಲಕ್ಕೆ ಬರುವಾಗ ಸೊರಗುವುದನ್ನು ಇಲ್ಲಿನ ರೈತರು ಎಷ್ಟೋ ಬೇಸಿಗೆ ಕಂಡಿದ್ದಾರೆ. ಸಾಲಾಗಿ ತೂಗುವ ಐದು ಕುಂಡಗಳಲ್ಲಿ ಕೊನೆಯದು ಮೊದಲು ಒಣಗುವುದೂ ಹೀಗೆಯೇ. ಅಲ್ಲಿಗೆ ಹೋಗುವಷ್ಟರಲ್ಲಿ ತಂಬಿಗೆ ಬರಿದಾಗಿರುತ್ತದೆ. ದಿನಕ್ಕೊಂದು ತುದಿಯಿಂದ ಆರಂಭಿಸಿ ಎಂದು ಮಕ್ಕಳಿಗೆ ಹೇಳಿಕೊಡಿ.

ಪ್ರಶ್ನೆಗೆ ನಮ್ಮ ಉತ್ತರ ನೇರವಾದದ್ದು. ಕೊಡ ಹೊತ್ತು ತಂದ ಕುಡಿಯುವ ನೀರನ್ನು ಹೂವಿನ ಕುಂಡಕ್ಕೆ ಹಾಕಬಾರದು. ಹೊತ್ತು ತರುವವರು ಸಾಮಾನ್ಯವಾಗಿ ಮನೆಯ ತಾಯಿ, ಸೊಸೆ, ಶಾಲೆಗೆ ಹೋಗಬೇಕಾದ ಹುಡುಗಿ. ಅವರ ಸೊಂಟದ ಭಾರಕ್ಕಿಂತ ಹೂ ದೊಡ್ಡದಲ್ಲ. ಆದರೆ ಗಿಡ ಬೇಡವೆಂದೂ ನಾವು ಹೇಳುವುದಿಲ್ಲ. ಕಡುಬೇಸಿಗೆಯಲ್ಲಿ ಒಂದು ತೂಗುಕುಂಡಕ್ಕೆ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಎಂದಿಟ್ಟುಕೊಳ್ಳಿ. ನಾಲ್ಕೈದು ಜನರ ಮನೆಯಲ್ಲಿ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಮೋರಿಗೆ ಬಿಡದೆ ಬಕೆಟ್ಟಿಗೆ ಹಿಡಿದರೆ ಮೂರ್ನಾಲ್ಕು ಕುಂಡಗಳಿಗೆ ಅದೇ ಸಾಕು. ಉಪ್ಪು ಹಾಕಿದ ನೀರು, ಸಾಬೂನಿನ ನೀರು ಬೇಡ. ನೀರು ಶುದ್ಧಿ ಮಾಡುವ ಆರ್.ಓ. ಯಂತ್ರ ಹೊರಗೆ ಬಿಡುವ ನೀರು ವ್ಯರ್ಥವಾಗುತ್ತದಲ್ಲ ಎಂದು ಕುಂಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಲವಣವೆಲ್ಲ ಒತ್ತಾಗಿ ಸೇರಿರುತ್ತದೆ, ನೆಲ ಒರೆಸಲು ಬಳಸಿ. ಏ.ಸಿ. ಇರುವ ಮನೆಯಲ್ಲಿ ಅದರ ಕೊಳವೆಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿಲ್ಲ. ಅದು ಗಿಡಕ್ಕೆ ಒಳ್ಳೆಯದೇ. ಕೊಳವೆಬಾವಿಯ ಸವುಳು ನೀರೇ ಗತಿಯೆಂದಾದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಮೊದಲ ಮಳೆ ಬಂದ ದಿನ ಆ ಕುಂಡಗಳನ್ನು ಒಂದು ಗಂಟೆ ಅಂಗಳಕ್ಕಿಳಿಸಿ ಮಣ್ಣಿನ ಉಪ್ಪು ತೊಳೆದುಹೋಗಲು ಬಿಡಿ.

ಹನಿಹನಿಯಾಗಿ ನೀರು ಕೊಡುವ ಯುಕ್ತಿ ನಮ್ಮ ನಾಡಿಗೆ ಹೊಸದಲ್ಲ. ಶಿವಾಲಯಗಳಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಅಲಂಪುರದವರು ಬಲ್ಲರು. ವೈಶಾಖದ ಬಿಸಿಲಿನಲ್ಲಿ ತುಳಸಿಕಟ್ಟೆಯ ಮೇಲೂ ಅಂಥದೇ ತೂತಿನ ಗಡಿಗೆ ಕಟ್ಟುವ ಮನೆಗಳಿವೆ. ನೀವು ಊರಿಗೆ ಹೊರಟಾಗ ಇದನ್ನೇ ಬೇರೆ ರೀತಿ ಮಾಡಬಹುದು. ಹಳೆಯ ನೂಲಿನ ಪಂಚೆಯ ಅಂಚನ್ನು ಬೆರಳು ದಪ್ಪಕ್ಕೆ ಹೊಸೆದು, ಒಂದು ತುದಿಯನ್ನು ಮೇಲಿಟ್ಟ ನೀರಿನ ಡಬ್ಬಿಯ ತಳ ಮುಟ್ಟುವಂತೆ ಇಳಿಸಿ, ಇನ್ನೊಂದನ್ನು ಕುಂಡದ ಮಣ್ಣಿನೊಳಗೆ ಎರಡು ಅಂಗುಲ ಹೂಳಿ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಇದು ನೀರೆಳೆಯುತ್ತದೆ. ಹೊರಡುವ ಎರಡು ದಿನ ಮೊದಲೇ ಕಟ್ಟಿ ನೋಡಿ. ಬತ್ತಿ ದಪ್ಪವಾದರೆ ಡಬ್ಬಿ ಒಂದೇ ದಿನಕ್ಕೆ ಖಾಲಿ. ಕುಂಡದ ಕೆಳಗೆ ತಟ್ಟೆಯಲ್ಲಿ ನೀರು ನಿಲ್ಲಿಸಿ ಹೋಗಬೇಡಿ. ಬೇರು ಕೊಳೆಯುವುದು ಒಂದು, ಡೆಂಗಿಯ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತಾಗುವುದು ಇನ್ನೊಂದು. ಡಬ್ಬಿಯ ಬಾಯಿಗೂ ಬಟ್ಟೆ ಕಟ್ಟಿ.

ವರ್ಷವಿಡೀ ಹಸಿರು ಬೇಕೆನ್ನುವವರು ಗೆಡ್ಡೆಯ ಬೆಗೋನಿಯವನ್ನು ಮಳೆಗಾಲದ ಅತಿಥಿ ಎಂದು ಬಗೆದು, ಉಳಿದ ಕಾಲಕ್ಕೆ ಬಿಸಿಲಿಗೆ ಅಂಜದವನ್ನು ತೂಗುಹಾಕಿ. ಟೇಬಲ್ ರೋಸ್ ಎಂದು ನಾವು ಕರೆಯುವ ಹತ್ತು ಗಂಟೆಯ ಹೂವಿನ ಎಲೆಯೇ ನೀರಿನ ಚೀಲ. ಒಂದೆರಡು ದಿನ ಮರೆತರೂ ಮುನಿಸಿಕೊಳ್ಳುವುದಿಲ್ಲ, ಪೂರ್ತಿ ಬಿಸಿಲಿನಲ್ಲೂ ಅಂಚಿನಿಂದ ಇಳಿದು ಹೂ ಬಿಡುತ್ತದೆ. ನೆರಳಿಗೆ ಮನಿ ಪ್ಲಾಂಟ್ ಇದೆ. ಪಾಸ್ಖ ಹಬ್ಬ ಬರುವುದೇ ಬಿಸಿಲು ನೆತ್ತಿಗೇರುವ ಕಾಲದಲ್ಲಿ. ತಪಸ್ಸುಕಾಲವೆಲ್ಲ ಹೂವಿಲ್ಲದ ಪೀಠದ ಮುಂದೆ ಅಂದು ಹೂ ಬೇಕೆಂದು ದೂರದೂರಿಂದ ತರಿಸುವುದಕ್ಕಿಂತ, ಫೆಬ್ರವರಿಯಲ್ಲೇ ಟೇಬಲ್ ರೋಸಿನ ಕಡ್ಡಿಗಳನ್ನು ನೆಟ್ಟು ಬೆಳೆಸಿದ ಕುಂಡಗಳನ್ನು ಗುಡಿಯ ಬಾಗಿಲ ಎರಡೂ ಕಡೆ ತೂಗುಹಾಕಬಹುದು. ಆ ಹೂ ಅರಳಲು ಬಿಸಿಲು ಬೇಕೇ ಬೇಕು, ಪಾಸ್ಖ ಜಾಗರಣೆಯ ರಾತ್ರಿ ಮುಚ್ಚಿಕೊಂಡೇ ಇರುತ್ತದೆ. ಭಾನುವಾರದ ಎರಡನೆಯ ಪೂಜೆಗೆ ಬರುವವರಿಗೆ ಮಾತ್ರ ಕಾಣುತ್ತದೆ.

ಅಲಂಪುರಕ್ಕೆ ಹೋದವರು ನವಬ್ರಹ್ಮ ಗುಡಿಗಳ ಕಂಬಗಳನ್ನು ಒಮ್ಮೆ ತಲೆಯೆತ್ತಿ ನೋಡಿ. ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲಿನಲ್ಲಿ ಕಲಶ ಕಡೆದು, ಅದರ ಬಾಯಿಂದ ಎಲೆಬಳ್ಳಿ ಉಕ್ಕಿ ನಾಲ್ಕೂ ಕಡೆಗೆ ಇಳಿಬೀಳುವಂತೆ ಕೆತ್ತಿದ್ದಾರೆ. ಘಟಪಲ್ಲವ ಎಂದು ಅದರ ಹೆಸರು. ನಮ್ಮ ಪಡಸಾಲೆಯ ತೂಗುಕುಂಡವೇ ಅದು, 1,300 ವರ್ಷಗಳಿಂದ ನೀರು ಕೇಳದೆ ಹಾಗೆಯೇ ನಿಂತಿದೆ. ನಿಮ್ಮ ಮನೆಯದು ಕೇಳುತ್ತದೆ. ಬೆರಳಿಳಿಸಿ ನೋಡಿ ಹಾಕಿ.